ಮೊದಲ ಬ್ಯಾರನ್ ತುಂಬಿದ ದಿನ ಬಿದ್ದವನು

ಆಗುವ ಕೆಲಸವಲ್ಲ ಎಂದು ಹೇಳಿದವರು ನಮ್ಮ ಆಸ್ಪತ್ರೆಯ ಹಿರಿಯ ವೈದ್ಯಾಧಿಕಾರಿ. ಪಿರಿಯಾಪಟ್ಟಣದ ಆಚೆಗಿನ ಒಂದು ಸಣ್ಣ ಸರ್ಕಾರಿ ಆಸ್ಪತ್ರೆ ಅದು. ತೊಂಬತ್ತರ ದಶಕದ ಕೊನೆಯ ಮಾತು. ಹುಣಸೂರಿನಲ್ಲಿ ತಲೆಪೆಟ್ಟಿನ ಚಿಕಿತ್ಸೆಯ ಬಗ್ಗೆ ಸುತ್ತಲಿನ ವೈದ್ಯರಿಗಾಗಿ ತರಗತಿಗಳು ನಡೆಯುತ್ತವೆ, ಭಾನುವಾರಗಳಂದು ಹೋಗಿ ಬರುತ್ತೇನೆ ಎಂದು ಕೇಳಲು ಹೋದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಏನಮ್ಮಾ, ತಲೆ ಒಡ್ಕೊಂಡು ಬಂದೋನಿಗೆ ನಮ್ಮಲ್ಲಿ ಆಗೋದು ಎರಡೇ. ಒಂದು ಟಿಟಿ ಇಂಜೆಕ್ಷನ್, ಇನ್ನೊಂದು ಮೈಸೂರಿಗೆ ಚೀಟಿ. ಸ್ಕ್ಯಾನ್ ಇಲ್ಲ, ಸರ್ಜನ್ ಇಲ್ಲ, ಆಕ್ಸಿಜನ್ ಸಿಲಿಂಡರ್ ತುಂಬಿದ್ಯೋ ಖಾಲಿಯೋ ಅಂತ ಬಡಿದು ನೋಡ್ಬೇಕು. ಇಲ್ಲಿಂದ ತಲೆಪೆಟ್ಟಿನೋನನ್ನ ಉಳಿಸಿ ಕಳಿಸೋದು ಯಾವ ಕಾಲಕ್ಕೂ ಆಗೋ ಮಾತಲ್ಲ. ಹೋಗ್ತೀನಿ ಅಂದ್ರೆ ಹೋಗಿ. ಊಟನಾದ್ರೂ ಚೆನ್ನಾಗಿ ಹಾಕಿಸ್ತಾರೆ.”

ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಬಾಗಿಲು ಕಂಡವರಿಲ್ಲ. ಅವ್ವ ಹೊಗೆಸೊಪ್ಪು ಬೇಯಿಸುವ ಬೇರೆಯವರ ಬ್ಯಾರನ್ ಮುಂದೆ ಕೂತು ಸೊಪ್ಪು ಕಟ್ಟುತ್ತಿದ್ದಳು. ಅಷ್ಟು ಪಾಡು ಪಟ್ಟು ತೆಗೆದುಕೊಂಡ ಡಿಗ್ರಿ ಬರೀ ಚೀಟಿ ಬರೆಯುವುದಕ್ಕೆ ಎಂದರೆ ನನಗೆ ಮೈ ಉರಿಯುತ್ತಿತ್ತು. ಸೊಕ್ಕು ಅಂದುಕೊಂಡರೂ ಸರಿ. ಹೋದೆ.

ತರಗತಿ ನಡೆದದ್ದು ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳ ವೈದ್ಯರು ಬಂದಿದ್ದೆವು. ಪಕ್ಕದಲ್ಲೇ ಯಾರದೋ ನಿಶ್ಚಿತಾರ್ಥದ ಅಡುಗೆಗೆ ಕಾಯಿ ರುಬ್ಬುವ ಸದ್ದು. ಮೈಸೂರಿನಿಂದ ಬಂದ ನ್ಯೂರೋಸರ್ಜನ್ ಸ್ಲೈಡ್ ತೋರಿಸಲು ನಿಂತರೆ ಕರೆಂಟು ಹೋಯಿತು. ಅವರು ಸೀಮೆಸುಣ್ಣ ಕೇಳಿ ಪಡೆದು, ಬೋರ್ಡಿನ ಮೇಲೆ ಒಂದು ತಲೆ ಬರೆದರು.

“ಬರುವಾಗಲೇ ಎಚ್ಚರ ಇಲ್ಲದೋನ ಬಗ್ಗೆ ಆಮೇಲೆ ಮಾತಾಡೋಣ. ಅವನನ್ನ ಯಾರಾದರೂ ಗುರುತಿಸ್ತಾರೆ. ನನಗೆ ಹೆದರಿಕೆ ಆಗೋದು ಮಾತಾಡ್ತಾ ಬಂದು ಆಮೇಲೆ ಸಾಯೋನ ಬಗ್ಗೆ. ಅವನು ನಿಮ್ಮ ಹತ್ರ ಮಾತಾಡಿದ್ದಾನೆ. ಅಂದರೆ ಅವನಿಗೆ ಸಮಯ ಇತ್ತು.”

ಪೆಟ್ಟು ಬಿದ್ದಾಗ ಒಂದಿಷ್ಟು ಹೊತ್ತು ಎಚ್ಚರ ತಪ್ಪುತ್ತದೆ, ಮತ್ತೆ ಎದ್ದು ಕೂರುತ್ತಾನೆ, ನಗುತ್ತಾನೆ, ಮನೆಗೆ ಹೋಗುತ್ತಾನೆ. ಒಳಗೆ ತಲೆಬುರುಡೆಗೂ ಮಿದುಳಿನ ಪೊರೆಗೂ ನಡುವೆ ಹರಿದ ರಕ್ತನಾಳ ಸೋರುತ್ತಲೇ ಇರುತ್ತದೆ. ಬುರುಡೆ ಹಿಗ್ಗುವುದಿಲ್ಲ, ಮಿದುಳು ಅದುಮಿಕೊಳ್ಳುತ್ತದೆ. ಮಂಪರು, ವಾಂತಿ, ನಾಡಿ ನಿಧಾನ, ಆಮೇಲೆ ಒಂದು ಕಣ್ಣಿನ ಪಾಪೆ ಅಗಲವಾಗುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ಕೈಲಿ ಉಳಿಯುವುದು ನಿಮಿಷಗಳು ಎಂದರು. ಕಣ್ಣು ತೆರೆಯುವುದಕ್ಕೆ ನಾಲ್ಕು, ಮಾತಿಗೆ ಐದು, ಕೈಕಾಲಿನ ಚಲನೆಗೆ ಆರು, ಒಟ್ಟು ಹದಿನೈದು ಅಂಕ. ಒಂದು ಸಲ ನೋಡಿ ಸುಮ್ಮನಾಗಬೇಡಿ, ಮತ್ತೆ ಮತ್ತೆ ನೋಡಿ, ಇಳಿಯುತ್ತಿರುವ ಅಂಕವೇ ನಿಮ್ಮ ಸ್ಕ್ಯಾನ್ ಎಂದರು. ಗ್ಲೂಕೋಸ್ ಡ್ರಿಪ್ ಬೇಡ. ನಿದ್ದೆ ಬರಿಸುವ ಯಾವ ಔಷಧಿಯೂ ಬೇಡ. ಉಸಿರು ಮೊದಲು, ಕತ್ತು ನೇರ.

ಸರ್ಟಿಫಿಕೇಟಿಗೆ ಅವರದೊಂದು ನಿಯಮವಿತ್ತು. ಬಂದು ಕೂತರೆ ಕೊಡುವುದಿಲ್ಲ. ಪ್ರತಿಯೊಬ್ಬರೂ ತಾವು ನೋಡಿಕೊಂಡ ಒಬ್ಬ ತಲೆಪೆಟ್ಟಿನ ರೋಗಿಯ ವಿವರ ತಂದು, ಕೊನೆಯ ಭಾನುವಾರ ಎಲ್ಲರೆದುರು ನಿಂತು ಹೇಳಬೇಕು.

ಆ ತರಗತಿಯಿಂದ ನಾನು ತಂದದ್ದು ಜ್ಞಾನಕ್ಕಿಂತ ಹೆದರಿಕೆಯನ್ನೇ ಹೆಚ್ಚು. ಮರುದಿನದಿಂದ ಯಾರ ತಲೆ ಕಂಡರೂ ಅದರೊಳಗೆ ರಕ್ತ ಸೋರುತ್ತಿದೆ ಅನ್ನಿಸುತ್ತಿತ್ತು. ಸೈಕಲ್ಲಿಂದ ಬಿದ್ದು ಮಂಡಿ ತರಚಿಕೊಂಡವರ ಕಣ್ಣಿಗೂ ಟಾರ್ಚ್ ಬಿಡುತ್ತಿದ್ದೆ. ವಾರ್ಡಿನಲ್ಲಿ ಮಧ್ಯಾಹ್ನ ನಿದ್ದೆ ಹೊಡೆಯುತ್ತಿದ್ದವರನ್ನು ಎಬ್ಬಿಸಿ ಊರು ಯಾವುದು ಎಂದು ಕೇಳಿ ಬೈಸಿಕೊಂಡಿದ್ದೇನೆ.

ಅವನು ಬಂದದ್ದು ಹೊಗೆಸೊಪ್ಪು ಬೇಯಿಸುವ ಕಾಲದ ಶುರುವಿನಲ್ಲಿ, ಸೋನೆ ಹಿಡಿದ ಒಂದು ಮಧ್ಯಾಹ್ನ. ನಮ್ಮ ಕಡೆಯ ಬ್ಯಾರನ್ ನೋಡದವರಿಗೆ ಹೇಳಬೇಕು: ಎತ್ತರದ, ಕಿಟಕಿಯಿಲ್ಲದ ಗೋಡೆಗಳ ಒಂದು ಕೋಣೆ. ಒಳಗೆ ನೆಲದಿಂದ ಸೂರಿನವರೆಗೆ ಅಂತಸ್ತು ಅಂತಸ್ತಾಗಿ ಅಡ್ಡತೊಲೆಗಳು. ಹಸಿ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಕೆಳಗಿನವರು ಎತ್ತಿಕೊಡುತ್ತಾರೆ, ಮೇಲಿನವನು ತೊಲೆಗಳ ಮೇಲೆ ಕಾಲು ಅಗಲಿಸಿ ನಿಂತು ಸಾಲಾಗಿ ಜೋಡಿಸುತ್ತಾನೆ. ತುಂಬಿದ ಮೇಲೆ ಹೊರಗಿನ ಒಲೆಗೆ ಬೆಂಕಿ. ಹಗಲು ರಾತ್ರಿ ಆ ಬೆಂಕಿ ಏರುಪೇರಾಗದಂತೆ ಯಾರಾದರೂ ಕಾಯಬೇಕು.

ಆ ಕಾಲದಲ್ಲಿ ನಮ್ಮ ಆಸ್ಪತ್ರೆಗೆ ಬರುವ ಅರ್ಧಕ್ಕರ್ಧ ಜನ ವಾಂತಿಯವರೇ. ಮಳೆಯಲ್ಲಿ ನೆನೆದ ಹಸಿ ಸೊಪ್ಪು ಮುರಿಯುವಾಗ ಅದರ ರಸ ಚರ್ಮದ ಮೂಲಕ ಒಳಗೆ ಇಳಿಯುತ್ತದೆ. ತಲೆನೋವು, ತಲೆಸುತ್ತು, ವಾಂತಿ, ಆಮೇಲೆ ಸತ್ತವರ ಹಾಗೆ ನಿದ್ದೆ. ಸೊಪ್ಪಿನ ಅಮಲು ಎನ್ನುತ್ತಾರೆ. ಒಂದು ದಿನ ಮಲಗಿದರೆ ಇಳಿಯುತ್ತದೆ.

ಹಾಗಾಗಿ ತಲೆಗೆ ಟವೆಲ್ ಸುತ್ತಿದ ಮೂವತ್ತರ ಆಸುಪಾಸಿನ ಗಂಡಸೊಬ್ಬ ವಾಂತಿ ಮಾಡುತ್ತಾ, ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಅಣ್ಣ ಹಿಡಿದುಕೊಂಡು ಒಳಗೆ ಬಂದಾಗ ಸಿಸ್ಟರ್ ನನ್ನನ್ನು ಕೇಳಲೂ ಇಲ್ಲ. “ಅಮಲು ಮೇಡಂ,” ಎಂದು ಅಮಲಿನವರ ಸಾಲಿನ ಕೊನೆಯ ಹಾಸಿಗೆ ತೋರಿಸಿದರು. ಅವನೂ ನಗಾಡಿಕೊಂಡೇ ಇದ್ದ.

“ಏನಿಲ್ಲ ಬುಡಿ ಡಾಕ್ಟ್ರಮ್ಮ, ಸೊಪ್ಪು ಒಸಿ ಜಾಸ್ತಿ ಪಿರೀತಿ ಮಾಡ್ಬುಡ್ತು,” ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, “ಒಲೆ ಯಾರ್ ನೋಡ್ಕತಾವ್ರೆ?” ಎಂದ.

“ಮಾವ ಅವ್ರೆ ಬುಡಿ,” ಎಂದಳು.

ಅಣ್ಣ ಕೈಮುಗಿದ. “ಒಂದ್ ಸೂಜಿ ಚುಚ್ಚಿ ಮಲಗಿಸ್ಬುಡಿ. ನಿದ್ದೆ ಒಡುದ್ರೆ ಸರೋಯ್ತನೆ.”

ಸಿಸ್ಟರ್ ಆಗಲೇ ಸಿರಿಂಜಿಗೆ ಔಷಧಿ ಎಳೆದುಕೊಂಡಿದ್ದರು. ವಾಂತಿ ನಿಲ್ಲಿಸುವ, ಜೊತೆಗೆ ನಿದ್ದೆಯನ್ನೂ ಬರಿಸುವ ಇಂಜೆಕ್ಷನ್. ದಿನಕ್ಕೆ ಎಷ್ಟೋ ಜನಕ್ಕೆ ಅದನ್ನೇ ಕೊಡುತ್ತಿದ್ದೆವು.

“ಒಲೆ ಯಾರ್ ನೋಡ್ಕತಾವ್ರೆ?” ಎಂದ ಅವನು ಮತ್ತೆ.

“ಮಾವ ಅವ್ರೆ ಅಂದ್ನಲ್ಲ,” ಎಂದಳು.

ನಾನು ನಾಡಿ ಹಿಡಿದೆ. ಇಷ್ಟು ವಾಂತಿಯಾದವನಿಗೆ ನಾಡಿ ಓಡುತ್ತಿರಬೇಕು. ಇವನದು ಆರಾಮಾಗಿ ನಡೆದುಕೊಂಡು ಹೋಗುವವರ ಹಾಗಿತ್ತು. ಅವನು ಕಣ್ಣು ಮುಚ್ಚಿದ, ತೆರೆದ, ಹೆಂಡತಿಯ ಕಡೆ ನೋಡಿದ. “ಒಲೆ ಯಾರ್ ನೋಡ್ಕತಾವ್ರೆ?”

ಸಿಸ್ಟರ್ ಕೈ ಹಿಡಿದು ನಿಲ್ಲಿಸಿದೆ. “ಟವೆಲ್ ಬಿಚ್ಚಿ,” ಎಂದೆ.

“ಯಾಕೆ ಡಾಕ್ಟ್ರಮ್ಮ, ಚಳಿ ಆಯ್ತದೆ ಅವ್ನಿಗೆ,” ಎಂದು ಅಣ್ಣ ಅಡ್ಡ ಬಂದ. ನಾನೇ ಬಿಚ್ಚಿದೆ. ಬಲಗಿವಿಯ ಮೇಲ್ಗಡೆ ಕೂದಲೊಳಗೆ ಊತ. ಒತ್ತಿದರೆ ಒಳಗೆ ನೀರಿದ್ದ ಹಾಗೆ ಮೆತ್ತಗೆ. ರಕ್ತ ಒಂದು ತೊಟ್ಟೂ ಹೊರಗೆ ಬಂದಿರಲಿಲ್ಲ.

“ಬಿದ್ರಾ ಇವ್ರು?”

“ಬೀಳ್ನಿಲ್ಲ ಕಣ್ರವ್ವ. ತೊಲೆ ತಗುಲ್ತು ಅಷ್ಟೆಯ.”

ಹೆಂಡತಿ ನೆಲ ನೋಡುತ್ತಿದ್ದಳು. ನನಗೆ ಆಗ ಹೊಳೆಯಿತು. ಇದು ಯಾವ ತರಗತಿಯಲ್ಲೂ ಹೇಳುವುದಿಲ್ಲ. ವರ್ಷದ ಮೊದಲ ಬ್ಯಾರನ್‌ಗೆ ಪೂಜೆ ಮಾಡಿ ತುಂಬುತ್ತಾರೆ. ಆ ದಿನ ಒಳಗೆ ಯಾರಾದರೂ ಬಿದ್ದರೆ ವರ್ಷವೆಲ್ಲಾ ಸೊಪ್ಪು ಕಪ್ಪಾಗಿ ಕೆಡುತ್ತದೆ ಎಂದು ನಮ್ಮ ಕೇರಿಯಲ್ಲಿ ನಂಬುತ್ತಿದ್ದರು. ಬಿದ್ದವನೇ ‘ಬಿದ್ದೆ’ ಎನ್ನುವುದಿಲ್ಲ, ನೋಡಿದವರೂ ಹೇಳುವುದಿಲ್ಲ. ಬಾಯಲ್ಲಿ ಆ ಮಾತು ಬಾರದಿದ್ದರೆ ಅಪಶಕುನವೂ ಆಗಲಿಲ್ಲ ಅಂತ ಲೆಕ್ಕ.

“ಅಣ್ಣಾ, ನಾನೂ ಸೊಪ್ಪು ಕಟ್ಟಿ ಬೆಳೆದೋಳೇ ಕಣಣ್ಣ,” ಎಂದೆ. “ಇವತ್ತು ಮೊದಲ್ನೇ ಬ್ಯಾರನ್ನಾ?”

ಅವನು ಟವೆಲ್ ಎತ್ತಿ ತಮ್ಮನ ತಲೆಗೆ ಮತ್ತೆ ಸುತ್ತಲು ಹೋದ. ಹೆಂಡತಿ ಅಳು ತಡೆಯಲಾರದೆ ಹೇಳಿಬಿಟ್ಟಳು. “ಬಿದ್ರು ಕಣ್ ಡಾಕ್ಟ್ರಮ್ಮ. ಬೆಳಿಗ್ಗೆ ಮೇಲಿಂದ ಬಿದ್ರು. ಬಾವ ಯಾರ್ಗೂ ಏಳ್‌ಬೇಡ ಅಂದ್ರು.”

“ಲೇ, ಸುಮ್ಕಿರಮ್ಮಿ!”

“ನಾನ್ಯಾಕ್ ಸುಮ್ಕಿರ್ಲಿ? ಒಸಿ ಒತ್ತು ಮಾತೇ ಆಡ್ನಿಲ್ಲ ಅವ್ರು. ನೀರ್ ಚಿಮುಕ್ಸುದ್ಮೇಲೆ ಎದ್ದು ಕುಂತ್ರು. ತಿರ್ಗಾ ಮೇಲಕ್ಕತ್ತಿ ಇನ್ನರ್ಧ ಬ್ಯಾರನ್ ತುಂಬುದ್ರು. ಆಮ್ಯಾಕೆ ವಾಂತಿ.”

ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಹಾಗೇ ನನ್ನ ಮುಂದೆ ಮಲಗಿತ್ತು. ಅಂಕ ಹಾಕಿದೆ: ಹದಿನಾಲ್ಕು. ಮಾತಿನಲ್ಲಿ ಒಂದು ಅಂಕ ಕಡಿಮೆ, ಅಷ್ಟೇ.

ಹಿರಿಯ ವೈದ್ಯಾಧಿಕಾರಿಗಳ ಬಳಿ ಓಡಿದೆ. ಆಸ್ಪತ್ರೆಯ ಜೀಪು ಲಸಿಕೆ ಕೆಲಸಕ್ಕೆ ಹಳ್ಳಿಗಳ ಕಡೆ ಹೋಗಿತ್ತು. ಚೀಟಿ ಬರೆದು ಕಳಿಸಿ ಎಂದರು. ನಾನು ಜೊತೆಗೆ ಹೋಗುತ್ತೇನೆ ಎಂದೆ.

“ಹುಚ್ಚಾ ನಿಮಗೆ? ಇಲ್ಲಿಂದ ಚೀಟಿ ಜೊತೆ ಹೋದೋನು ದಾರೀಲಿ ಸತ್ತರೆ ವಿಧಿ ಅಂತಾರೆ. ನೀವು ಪಕ್ಕದಲ್ಲಿ ಕೂತಾಗ ಸತ್ತರೆ ನೀವೇ ಕೊಂದ್ರಿ ಅಂತಾರೆ. ಹೆಣ್ಣುಮಗಳು, ಯೋಚನೆ ಮಾಡಿ.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು. ವಾರ್ಡಿಗೆ ವಾಪಸು ಬಂದರೆ ಅಣ್ಣ ತಮ್ಮನನ್ನು ಮನೆಗೆ ಕರೆದುಕೊಂಡು ಹೋಗುವ ಮಾತಾಡುತ್ತಿದ್ದ. “ಮಾತಾಡ್ತಾವ್ನೆ, ಕಣ್ ಬುಡ್ತಾವ್ನೆ. ಇದ್ಕೆಲ್ಲಾ ಮೈಸೂರ್‌ಗಂಟ ಒತ್ಕೊಂಡೋಗದಾ? ಸೊಪ್ಪು ಬೆಂದ್ಮ್ಯಾಕೆ ಬ್ಯಾರನ್ ಇಳಿಸ್ಬುಟ್ಟು ನೋಡನ.”

“ಕೂಗಿ ಅವ್ರನ್ನ,” ಎಂದೆ.

ಅಣ್ಣ ಕೂಗಿದ. “ಲೋ! ಎದ್ದೇಳ್ಳಾ!” ಅವನು ಏಳಲಿಲ್ಲ. ಭುಜ ಅಲುಗಿಸಿದ. ಏಳಲಿಲ್ಲ. ನಾನು ಅವನ ಬೆರಳಿನ ಉಗುರಿನ ಮೇಲೆ ಪೆನ್ನು ಇಟ್ಟು ಒತ್ತಿದೆ. ಆಗ ಕಣ್ಣು ಅರೆಬಿಟ್ಟು, ಕೈ ಎಳೆದುಕೊಂಡು, ಅರ್ಥವಿಲ್ಲದ ಒಂದು ಮಾತು ಆಡಿದ. ಈಗಷ್ಟೇ ಒಲೆಯ ಬಗ್ಗೆ ಕೇಳುತ್ತಿದ್ದವನು. ಅಣ್ಣ ತಮ್ಮನ ಭುಜದಿಂದ ಕೈ ತೆಗೆದ. “ಸೊಪ್ಪು ತುಂಬೋ ನಮ್ ಮ್ಯಾಟಡೋರ್ ಗಾಡಿ ಅದೆ,” ಎಂದ. “ತರ್ತೀನಿ.”

ಮೈಸೂರಿಗೆ ಫೋನ್ ಮಾಡಿದೆ. ತರಗತಿ ತೆಗೆದುಕೊಂಡ ಸರ್ಜನ್ನೇ ಸಿಕ್ಕಿದರು. ನಮಸ್ಕಾರವೂ ಇಲ್ಲ. “ಈಗ ಎಷ್ಟು? ಬಂದಾಗ ಎಷ್ಟು? ಪಾಪೆ?” ಈಗ ಒಂಬತ್ತು, ಬಂದಾಗ ಹದಿನಾಲ್ಕು, ಪಾಪೆಗಳು ಎರಡೂ ಸಮ ಎಂದೆ. “ಹಾಗಾದರೆ ಮ್ಯಾನಿಟಾಲ್ ಈಗ ಬೇಡ, ಕೈಲಿಟ್ಟುಕೊಳ್ಳಿ. ಪಾಪೆ ಅಗಲವಾದ ತಕ್ಷಣ ಹಾಕಿ. ಎಲ್ಲೂ ನಿಲ್ಲಬೇಡಿ. ಥಿಯೇಟರ್ ನಾನು ನೋಡ್ಕೋತೀನಿ, ಉಸಿರು ನೀವು ನೋಡ್ಕೊಳ್ಳಿ.” ಎರಡನೇ ಫೋನ್ ಹುಣಸೂರಿಗೆ, ತರಗತಿಯಲ್ಲಿ ನನ್ನ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಅರಿವಳಿಕೆ ವೈದ್ಯರಿಗೆ. ಊಟಕ್ಕೆ ಕೂತಿದ್ದರಂತೆ. “ಮೇನ್ ರೋಡಲ್ಲಿ ನಿಂತಿರ್ತೀನಿ, ಬನ್ನಿ,” ಎಂದರು. ಆ ಭಾನುವಾರಗಳಿಲ್ಲದಿದ್ದರೆ ಹುಣಸೂರಿನಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬುದೇ ನನಗೆ ಗೊತ್ತಿರುತ್ತಿರಲಿಲ್ಲ.

ಮ್ಯಾನಿಟಾಲ್ ಎಂಬುದು ಮಿದುಳಿನ ಊತ ತಾತ್ಕಾಲಿಕವಾಗಿ ಇಳಿಸುವ ದ್ರವ. ಸ್ಟೋರಿನಲ್ಲಿ ಒಂದೇ ಬಾಟಲಿ ಇತ್ತು. ಬೆಳಕಿಗೆ ಹಿಡಿದರೆ ತಳದಲ್ಲಿ ಕಲ್ಲುಸಕ್ಕರೆಯಂಥ ಹರಳುಗಳು. ಚಳಿಗೆ ಅದು ಹರಳುಗಟ್ಟುತ್ತದೆ, ಹರಳು ರಕ್ತದೊಳಗೆ ಹೋಗಬಾರದು. ಬಿಸಿನೀರಿನಲ್ಲಿಟ್ಟು ಕರಗಿಸಿದೆವು. ದಾರಿಯಲ್ಲಿ ಮತ್ತೆ ಗಟ್ಟಿಯಾದರೆ? ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಅವನ ಹೆಂಡತಿಯ ಕೈಗೆ ಕೊಟ್ಟೆ. “ಸೆರಗೊಳಗೆ ಹೊಟ್ಟೆಗೆ ಒತ್ಕೊಂಡು ಕೂತ್ಕೊಳ್ಳಿ. ತಣ್ಣಗಾಗಕೂಡದು.” ಅವಳು ಅದನ್ನು ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡಳು.

ಮ್ಯಾಟಡೋರಿನಲ್ಲಿ ಸೊಪ್ಪಿನ ಬೇಲ್ ಸುತ್ತುವ ಗೋಣಿತಾಟುಗಳಿದ್ದವು. ಎರಡನ್ನು ಬಿಗಿಯಾಗಿ ಸುರುಳಿ ಸುತ್ತಿ ಅವನ ಕತ್ತಿನ ಎರಡೂ ಪಕ್ಕ ಇಟ್ಟು, ಹಣೆಯ ಮೇಲೆ ಪ್ಲಾಸ್ಟರ್ ಎಳೆದು ಹಲಗೆಗೆ ಅಂಟಿಸಿದೆ. ತಲೆಯ ಕಡೆ ಹಲಗೆಗೆ ಇಟ್ಟಿಗೆ ಕೊಟ್ಟು ಸ್ವಲ್ಪ ಎತ್ತರಿಸಿದೆವು. ಮೂತ್ರಕ್ಕೆ ನಳಿಕೆ, ಕೈಗೆ ದಪ್ಪ ಸೂಜಿ, ಮೂಗಿಗೆ ಆಕ್ಸಿಜನ್. ಸಿಲಿಂಡರನ್ನು ಬಡಿದು ನೋಡಿದೆ. ತುಂಬಿತ್ತು.

ಆ ದಾರಿಯ ಬಗ್ಗೆ ಹೇಳುವುದು ಕಷ್ಟ. ಅಣ್ಣ ಗಾಡಿ ಓಡಿಸುತ್ತಿದ್ದ. ನಾನು ತಮ್ಮನ ದವಡೆಯನ್ನು ಮುಂದಕ್ಕೆ ಎತ್ತಿ ಹಿಡಿದು ಮಂಡಿಯೂರಿದ್ದೆ. ಕೈ ಬಿಟ್ಟರೆ ನಾಲಗೆ ಹಿಂದಕ್ಕೆ ಬಿದ್ದು ಗೊರಕೆ, ಹಿಡಿದರೆ ಉಸಿರು. ಗುಂಡಿಗೆ ಗಾಡಿ ಎಗರಿದಾಗಲೆಲ್ಲಾ ಕೈ ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದೆ. ಜೊತೆಗೆ ಬಂದಿದ್ದ ಸಿಸ್ಟರ್ ಟಾರ್ಚ್ ಬಿಡುತ್ತಿದ್ದರು, ನಾನು ಪಾಪೆ ನೋಡುತ್ತಿದ್ದೆ. ಸಮ. ಸಮ. ಪ್ರತಿ ಸಲ ರೆಪ್ಪೆ ಎತ್ತುವ ಮುಂಚೆ, ನೋಡಲೇಬಾರದು ಅನ್ನಿಸುತ್ತಿತ್ತು. ಹಿರಿಯ ವೈದ್ಯಾಧಿಕಾರಿಗಳ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು: ನೀವೇ ಕೊಂದ್ರಿ ಅಂತಾರೆ. ಅವನ ಹೆಂಡತಿ ಬಾಟಲಿ ಅಪ್ಪಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಅಂಕ ಗೊತ್ತಿಲ್ಲ, ಪಾಪೆ ಗೊತ್ತಿಲ್ಲ. ನನ್ನ ಮುಖ ನೋಡಿ ಗಂಡ ಬದುಕಿದ್ದಾನೋ ಇಲ್ಲವೋ ಎಂದು ತಿಳಿಯುತ್ತಿದ್ದಳು. ಹಾಗಾಗಿ ನಾನು ಮುಖವನ್ನೂ ಕಾಯಬೇಕಿತ್ತು.

ಹುಣಸೂರು ಇನ್ನೇನು ಬಂತು ಅನ್ನುವಾಗ ಬಲಗಣ್ಣಿನ ಪಾಪೆ ಅಗಲವಾಗಿತ್ತು. ಟಾರ್ಚ್ ಬಿಟ್ಟರೂ ಕುಗ್ಗಲಿಲ್ಲ. ಎಡಗೈ ಎಳೆದುಕೊಳ್ಳುವುದನ್ನು ನಿಲ್ಲಿಸಿತ್ತು. ಅಂಕ ಎಂಟಕ್ಕೆ ಇಳಿದಿತ್ತು.

“ಕೊಡಿ,” ಎಂದೆ. ಅವಳು ಸೆರಗಿನಿಂದ ಬಾಟಲಿ ತೆಗೆದಳು. ಬೆಳಕಿಗೆ ಹಿಡಿದೆ. ಒಂದು ಹರಳೂ ಇರಲಿಲ್ಲ. ಅವನ ಕೈಯ ಸೂಜಿಗೆ ಸೇರಿಸಿ ಪೂರ್ತಿ ಬಿಟ್ಟು ಸುರಿಸಿದೆ.

ಅರಿವಳಿಕೆ ವೈದ್ಯರು ರಸ್ತೆ ಪಕ್ಕ ಒಂದು ಕೈಲಿ ಪೆಟ್ಟಿಗೆ, ಒಂದು ಕೈಲಿ ಕೊಡೆ ಹಿಡಿದು ನಿಂತಿದ್ದರು. ಹತ್ತಿ ಒಂದು ಸಲ ನೋಡಿದರು. “ಉಸಿರು ನಿಲ್ಲೋ ಹಾಗಿದೆ, ಗಂಟಲೊಳಗೆ ಟ್ಯೂಬ್ ಹಾಕ್ಬೇಕು. ಆಸ್ಪತ್ರೆಗೆ ತಿರುಗ್ಸಿ, ಟೇಬಲ್ ಮೇಲೆ ಮಲಗಿಸಿ ಹಾಕೋಣ. ಗಾಡೀಲಿ ನಾನು ಯಾವತ್ತೂ ಹಾಕಿಲ್ಲ.”

ಅವರು ನನಗಿಂತ ಎಷ್ಟೋ ಹಿರಿಯರು. ಟೇಬಲ್, ಒಳ್ಳೆಯ ಬೆಳಕು, ನಾಲ್ಕು ಜನ ಸಹಾಯಕರು. ನನಗೂ ಅದೇ ಬೇಕಿತ್ತು. ಇನ್ನೊಬ್ಬರ ಆಸ್ಪತ್ರೆ, ಇನ್ನೊಬ್ಬರ ಜವಾಬ್ದಾರಿ. ಆದರೆ ಇಳಿಸಿ, ಒಳಗೆ ಹೊತ್ತು, ಮತ್ತೆ ಹತ್ತಿಸುವಷ್ಟರಲ್ಲಿ ಏನಾಗುತ್ತದೆ ಎಂದು ಆ ಪಾಪೆ ಹೇಳುತ್ತಿತ್ತು.

“ಬೇಡ ಸರ್,” ಎಂದೆ. “ಇಲ್ಲೇ ಹಾಕಿ. ಗಾಡಿ ನಿಂತೇ ಇರ್ಲಿ. ತಲೆ ನಾನು ಅಲುಗಾಡದ ಹಾಗೆ ಹಿಡ್ಕೋತೀನಿ.”

ಅವರು ಕೊಡೆ ಮಡಚಿ ಕೆಳಗಿಟ್ಟು, ಅವನ ತಲೆಯ ಬಳಿ ಗೋಣಿತಾಟಿನ ಮೇಲೆ ಹೊಟ್ಟೆ ಕೆಳಗಾಗಿ ಮಲಗಿದರು. ನಾನು ಎರಡೂ ಅಂಗೈಯಲ್ಲಿ ಅವನ ತಲೆಯನ್ನು ಬಿಗಿಯಾಗಿ ಹಿಡಿದೆ. ಟ್ಯೂಬ್ ಹಾಕಲು ಮೈ ಸಡಿಲಿಸುವ ಔಷಧಿ ಹೋಯಿತು. ಅವನ ಸ್ವಂತ ಉಸಿರು ನಿಂತಿತು. ಆ ನಿಂತ ಉಸಿರು ನನ್ನ ಜೀವಮಾನದಲ್ಲೇ ಉದ್ದದ್ದು. “ಕಾಣ್ತಿಲ್ಲ... ಕಾಣ್ತಿಲ್ಲ...” ಎಂದರು ಅವರು. ಸಿಸ್ಟರ್ ಗಂಟಲ ಮೇಲೆ ಮೆಲ್ಲಗೆ ಒತ್ತಿದರು. “ಹಾಂ. ಹೋಯ್ತು.” ಟ್ಯೂಬಿಗೆ ಸಿಕ್ಕಿಸಿದ ಗಾಳಿಚೀಲ ಒತ್ತಿದಾಗ ಎದೆ ಎರಡೂ ಕಡೆ ಏರಿತು. ಅಣ್ಣ ನಾವು ಹೇಳುವ ಮುಂಚೆಯೇ ಗಾಡಿ ಎತ್ತಿದ.

ಮೈಸೂರಿನವರೆಗೂ ಅವರೇ ಚೀಲ ಒತ್ತುತ್ತಾ ಬಂದರು. ಇಲವಾಲ ದಾಟುವಾಗ ಟಾರ್ಚ್ ಬಿಟ್ಟೆ. ಪಾಪೆ ಸ್ವಲ್ಪವೇ ಕುಗ್ಗಿತು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಅಗಲವಾಗಿಬಿಡುತ್ತದೆ ಎಂಬ ಹೆದರಿಕೆ. ಅಪಶಕುನ ನಂಬುವವರನ್ನು ಅಂದು ನಾನು ಯಾವ ಬಾಯಿಂದ ಬೈಯಲಿ?

ಸ್ಕ್ಯಾನಿನಲ್ಲಿ ಬಲಗಡೆ ಮುಷ್ಟಿ ಗಾತ್ರದ ರಕ್ತದ ಗಡ್ಡೆ. ಥಿಯೇಟರಿನ ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಅವನ ಹೆಂಡತಿಯ ಪಕ್ಕ ಕೂತೆ. ಅವಳು ತನ್ನ ಕೈಯನ್ನು ನನ್ನ ಮಂಡಿಯ ಮೇಲಿಟ್ಟಳು. ಸರ್ಜನ್ ಹೊರಗೆ ಬಂದು ಮುಖಗವಸು ಇಳಿಸಿ, “ಗಡ್ಡೆ ತೆಗೆದೆ, ರಕ್ತ ನಿಂತಿದೆ. ಎಚ್ಚರ ಆಗುತ್ತೋ ಇಲ್ಲವೋ ನಾಳೆ ಹೇಳ್ತೀನಿ,” ಎಂದು ಹೊರಟುಹೋದರು.

ಮರುದಿನವೂ ಹೇಳಲಿಲ್ಲ. ಅದರ ಮರುದಿನ ನನ್ನ ಆಸ್ಪತ್ರೆಗೆ ಫೋನ್ ಬಂತು. ಟ್ಯೂಬ್ ತೆಗೆದಿದ್ದರಂತೆ. ಕಣ್ಣು ಬಿಟ್ಟು ನೀರು ಕೇಳಿದನಂತೆ. ಎಡಗೈ ಇನ್ನೂ ಸೋತಿದೆ, ವ್ಯಾಯಾಮ ಮಾಡಿಸಿದರೆ ಬರುತ್ತದೆ ಎಂದರು. ನಾನು ಫೋನ್ ಇಟ್ಟು, ಡ್ರೆಸಿಂಗ್ ರೂಮಿನ ಬಾಗಿಲು ಹಾಕಿಕೊಂಡು ಅತ್ತೆ.

ಕೊನೆಯ ಭಾನುವಾರ ಅದೇ ಊಟದ ಹಾಲ್‌ನಲ್ಲಿ ಎದ್ದು ನಿಂತು ಇದನ್ನೆಲ್ಲಾ ಹೇಳಿದೆ. ಅಮಲಿನವರ ಹಾಸಿಗೆ, ಟವೆಲ್, ಮೊದಲ ಬ್ಯಾರನ್, ಯಾವುದನ್ನೂ ಬಿಡಲಿಲ್ಲ. ಕೆ.ಆರ್. ನಗರದ ವೈದ್ಯರೊಬ್ಬರು, “ನಮ್ಮಲ್ಲಿ ಹೊಗೆಸೊಪ್ಪು ಕಡಿಮೆ, ಬಚಾವು,” ಎಂದರು. ಎಚ್.ಡಿ. ಕೋಟೆಯವರು, “ನಿಮ್ಮಲ್ಲಿ ಹೆಂಡ ಇಲ್ವಾ ಸರ್? ಕುಡಿದು ಬಿದ್ದೋನೂ ಹಿಂಗೇ ಮಲಗೋದು,” ಎಂದರು. ನಗು. ಸರ್ಜನ್ ಮಾತ್ರ ನಗಲಿಲ್ಲ. ಯಾರೇ ವಾಂತಿ ಮಾಡುತ್ತಾ ಮಂಪರಿನಲ್ಲಿ ಬರಲಿ, ಮೊದಲು ಟವೆಲ್ ಬಿಚ್ಚಿ ತಲೆ ಮುಟ್ಟಿ ನೋಡಬೇಕು ಎಂದು ಬೋರ್ಡಿನ ಮೇಲೆ ಬರೆದು, ಎಲ್ಲರೂ ಬರೆದುಕೊಳ್ಳುವವರೆಗೆ ಕಾದರು.

ಆಮೇಲೆ ಸರ್ಟಿಫಿಕೇಟ್. ಅದನ್ನು ಕೊಟ್ಟಾಗ ಸರ್ಜನ್ ಒಂದು ಸಲ ತಲೆ ಆಡಿಸಿದರು. ಹಿಡಿದುಕೊಂಡು ಹೊರಗೆ ಬಂದರೆ ಜಗಲಿಯ ಮೇಲೆ ಅವನ ಹೆಂಡತಿ ನಿಂತಿದ್ದಳು. ಮೈಸೂರಿನಲ್ಲಿ ಗಂಡನ ಕೈಗೆ ವ್ಯಾಯಾಮ ಮಾಡಿಸಿಕೊಂಡು ಬರುವ ದಾರಿಯಲ್ಲಿ, ನಾನಿಲ್ಲಿದ್ದೇನೆ ಎಂದು ತಿಳಿದು ಬಸ್ಸಿಳಿದು ಬಂದಿದ್ದಳು. ಅವನು ಎದುರಿನ ಅಂಗಡಿಯಲ್ಲಿ ಎಡಗೈಯಲ್ಲಿ ಟೀ ಲೋಟ ಹಿಡಿಯಲು ನೋಡುತ್ತಿದ್ದ.

“ಎಂಗವ್ರೆ?” ಎಂದೆ.

“ಚೆನ್ನಾಗವ್ರೆ ಕಣ್ ಡಾಕ್ಟ್ರಮ್ಮ,” ಎಂದಳು. ಆಮೇಲೆ ದನಿ ತಗ್ಗಿಸಿದಳು. “ಆದ್ರೆ ಅವ್ರು ಮಲಗುದ್ರೆ ನಂಗೆ ನಿದ್ದೆ ಬರಕಿಲ್ಲ. ತಟ್ಟಿ ಎಬ್ಬುಸ್ತೀನಿ. ‘ಏನ್ಲೇ ನಿಂದು ದಿನಾಲೂ’ ಅಂತ ಬಾಯ್ ತುಂಬ ಬೈತಾರೆ. ಬೈದ್ಮೇಲೆ ನಾ ಮಲಿಕತೀನಿ.”